ದೋಣಿ ನಿಲ್ದಾಣಕ್ಕೆ ಐವತ್ತೈದು ನಿಮಿಷ

ಸೆಪ್ಟೆಂಬರ್ 4, ಸೋಮವಾರ

ಬೆಳಿಗ್ಗೆ ಅಕ್ಕ ಬಂದಳು, ಮಧ್ಯಾಹ್ನ ಮೆಮೊ ಬಂತು. ಬರಗಾಲದಲ್ಲಿ ಅಧಿಕ ಮಾಸ ಅಂದರೆ ಇದೇ.

ಮೊದಲು ಅಕ್ಕನ ವಿಷಯ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಸವೆದುಹೋಗಿದ್ದ ಬಲಮಂಡಿಯನ್ನು ತೆಗೆದು ಆಸ್ಪತ್ರೆಯವರು ಹೊಸದು ಕೂರಿಸಿದ್ದಾರೆ. ಅವಳ ಮನೆ, ಟೈಲರಿಂಗ್ ಅಂಗಡಿ ಎಲ್ಲ ಕೆರೆಯ ಆಚೆ ದಡದಲ್ಲಿ. ಆಸ್ಪತ್ರೆ ಈಚೆ ದಡದಲ್ಲಿ, ನಾನೂ ಈಚೆ ದಡದಲ್ಲಿ. "ದೋಣಿ ನಿಲ್ದಾಣದ ತನಕ ಯಾರ ಕೈನೂ ಹಿಡೀದೆ ನಡೆದು, ತಾವಾಗೇ ದೋಣಿ ಹತ್ತೋ ಹಾಗಾದ್ರೆ ಮನೆಗೆ ಹೋಗಬಹುದು. ಅಲ್ಲೀವರೆಗೆ ತಮ್ಮನ ಮನೇಲಿರಲಿ. ಬೆಳಿಗ್ಗೆ ಸಂಜೆ ನಡೆಸಿ" ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದೆ. ಆರು ವಾರ ಎಂದರು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ನಲವತ್ತೆರಡು ಚೌಕ ಎಣಿಸಿ, ಕೊನೆಯದಕ್ಕೆ ಕೆಂಪು ಸುತ್ತು ಹಾಕಿದೆ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅಕ್ಕನಿಗೆ ಕೈ ಕೊಟ್ಟೆ. ಬೀಳುವವನು ನಾನೇ ಎನ್ನುವ ಹಾಗೆ ಹಿಡಿದುಕೊಂಡಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನಗೆ ಐವತ್ತೊಂದಾದರೂ ಅವಳ ಕೈಯಲ್ಲಿ ರಸ್ತೆ ದಾಟಿಸುವ ಹಿಡಿತವೇ ಇದೆ.

ಇನ್ನು ಮೆಮೊ. ಈ ಸಭಾಭವನದ ವಿಚಾರಣೆ ಕೌಂಟರಿನಲ್ಲಿ ನಾನು ಕೂತು ಹತ್ತೊಂಬತ್ತು ವರ್ಷವಾಯಿತು. ಮನೆಯೂ ಭವನದ ಹಿಂದಿನ ಸಿಬ್ಬಂದಿ ವಸತಿಯಲ್ಲೇ. ಹೋದ ವಾರ ಸಮ್ಮೇಳನಕ್ಕೆ ಬಂದಿದ್ದ ಅತಿಥಿಯೊಬ್ಬರು ದೂರು ಬರೆದಿದ್ದಾರೆ: "ಹತ್ತಿರದಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದೆ. ಏನಿಲ್ಲ ಎಂದರು. ಇಷ್ಟು ದೊಡ್ಡ ಕೆರೆ ಇದೆಯಲ್ಲ ಎಂದೆ. ಅದು ನಿಮಗೇ ಕಾಣುತ್ತಲ್ಲ ಎಂದರು." ಇದರಲ್ಲಿ ಸುಳ್ಳು ಯಾವುದು ಎಂದು ನಾನು ಮ್ಯಾನೇಜರ್ ಮೇಡಂ ಅವರನ್ನು ಕೇಳಿದೆ.

"ಸುಳ್ಳಲ್ಲ ಅನ್ನೋದೇ ತೊಂದರೆ. ನಿಮ್ಮನ್ನ ಎಲ್ಲರೂ ಏನಿಲ್ಲ ಸಾರ್ ಅಂತಾನೇ ಕರೀತಾರೆ, ಗೊತ್ತಾ ನಿಮಗೆ?" ಎಂದರು.

ಗೊತ್ತಿರಲಿಲ್ಲ.

ಶಿಕ್ಷೆ ಏನೆಂದರೆ, ಅಕ್ಟೋಬರ್ ಹದಿಮೂರಕ್ಕೆ ಬರುವ ಸಮ್ಮೇಳನಕ್ಕೆ ಮೊದಲು ಹತ್ತು ನೋಡತಕ್ಕ ಸ್ಥಳಗಳ ಕರಪತ್ರವನ್ನು ನಾನೇ ತಯಾರಿಸಬೇಕು. ಭವನದ ಗೇಟಿನಿಂದ ಪ್ರತಿಯೊಂದಕ್ಕೂ ಎಷ್ಟು ನಿಮಿಷದ ನಡಿಗೆ ಎಂದು ಖುದ್ದಾಗಿ ನಡೆದು ಬರೆಯಬೇಕು. ಫೋನ್ ನೋಡಿ ಬರೆಯಕೂಡದು. ಹೋದ ವರ್ಷ ಫೋನ್ ನೋಡಿ ಮಾಡಿದ ಕರಪತ್ರದಲ್ಲಿ ಗಡಿಯಾರ ಗೋಪುರದ ದಾರಿ ಕೆರೆಯೊಳಗಿಂದ ಹೋಗಿತ್ತು. ದಂತವೈದ್ಯರೊಬ್ಬರು ಮಂಡಿಯುದ್ದ ನೀರಿಗೆ ಇಳಿದ ಮೇಲೆ ಅನುಮಾನ ಬಂದು ವಾಪಸಾದರು.

ಸೆಪ್ಟೆಂಬರ್ 6, ಬುಧವಾರ

ಅಕ್ಕನನ್ನು ಹೇಗೂ ನಡೆಸಬೇಕು, ನಾನೂ ಹೇಗೂ ನಡೆಯಬೇಕು. ಸ್ವಾಮಿ ಕಾರ್ಯ ಸ್ವಕಾರ್ಯ ಎರಡೂ ಆಗಲಿ ಎಂದು ಜೊತೆಗೇ ಹೊರಟೆವು. ಸ್ಥಳ ಒಂದು: ಗೇಟಿನೆದುರಿನ ಕಾರಂಜಿ.

ಅಕ್ಕ ವಾಕರ್ ಎತ್ತಿ ಮುಂದಿಡುವುದು, ಒಂದು ಹೆಜ್ಜೆ ಹಾಕುವುದು, ನಿಂತು ಯಾರದಾದರೂ ಬಟ್ಟೆಯ ಹೊಲಿಗೆ ನೋಡುವುದು. ಕಾವಲುಗಾರನ ಪ್ಯಾಂಟಿನ ಅಂಚು ಬಿಚ್ಚಿದೆ ಎಂದು ಅವನಿಗೆ ಹೇಳಿದಳು. ಅವನು ಬಗ್ಗಿ ನೋಡಿಕೊಂಡ. ಐದು ನಿಮಿಷ ಅಲ್ಲೇ ಹೋಯಿತು.

ಕಾರಂಜಿ ತಲುಪಲು ಇಪ್ಪತ್ತೆರಡು ನಿಮಿಷ. ನಾನೊಬ್ಬನೇ ಆಗಿದ್ದರೆ ಎರಡು ನಿಮಿಷ ಆಗುತ್ತಿತ್ತೇನೋ, ಆದರೆ ನಾನು ಯಾವತ್ತೂ ಹೋಗಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ. ನಡೆದು ಬರೆಯಿರಿ ಎಂದಿದ್ದಾರೆ, ನಡೆದದ್ದು ಇಪ್ಪತ್ತೆರಡು, ಬರೆದದ್ದು ಇಪ್ಪತ್ತೆರಡು. ಗಡಿಯಾರ ಹೇಳಿದ್ದಕ್ಕೆ ಕೂಡಿಸುವುದು, ಕಳೆಯುವುದು ನನ್ನ ಜಾಯಮಾನದಲ್ಲಿಲ್ಲ. ಅತಿಥಿಗಳಲ್ಲೂ ಮಂಡಿನೋವಿನವರು ಇರುತ್ತಾರೆ.

ಕಾರಂಜಿ ನಿಂತಿತ್ತು. "ನೋಡತಕ್ಕದ್ದು ಏನಿದೆ ಇದರಲ್ಲಿ" ಎಂದೆ. "ಕೂತ್ಕೋ, ಬಿಡ್ತಾರೆ" ಎಂದಳು ಅಕ್ಕ. ಐದು ಗಂಟೆಗೆ ಸರಿಯಾಗಿ ನೀರು ಚಿಮ್ಮಿ ಇಬ್ಬರನ್ನೂ ಒದ್ದೆ ಮಾಡಿತು. ಎಲ್ಲಿ ಕೂರಬಾರದು ಎಂದು ಬರೆದುಕೊಂಡೆ.

ಸೆಪ್ಟೆಂಬರ್ 9, ಶನಿವಾರ

ಅಕ್ಕ ನನ್ನ ಕಪಾಟು ತೆಗೆದು ಏಳು ಶರ್ಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿದ್ದಾಳೆ. ಕೆಲಸ ಮಾಡುತ್ತಾ ಗುನುಗುತ್ತಾಳೆ. ರಾಗವೂ ಇಲ್ಲ, ಮಾತೂ ಇಲ್ಲ, ಸುಮ್ಮನೆ ಯಂತ್ರದ ಸದ್ದಿಗೆ ಜೊತೆ ಕೊಟ್ಟು ಕೊಟ್ಟು ಬಂದ ಅಭ್ಯಾಸ. ಹತ್ತೊಂಬತ್ತು ವರ್ಷ ಒಬ್ಬನೇ ಇದ್ದ ಮನೆಯಲ್ಲಿ ಯಾರೋ ಮೋಟಾರು ಬಿಟ್ಟುಹೋದ ಹಾಗಿದೆ. ಇನ್ನು ಮೂವತ್ತೇಳು ದಿನ.

ಸ್ಥಳ ಎರಡು: ಕುದುರೆ ಮೇಲಿನ ಮನುಷ್ಯನ ವಿಗ್ರಹ. ಮೂವತ್ತೊಂದು ನಿಮಿಷ. ಯಾರು ಎಂದು ಬರೆದಿಲ್ಲ. "ಕೋಟು ಚೆನ್ನಾಗಿ ಕೂತಿದೆ, ದೊಡ್ಡ ಮನುಷ್ಯನೇ ಇರಬೇಕು" ಎಂದಳು ಅಕ್ಕ. ಕರಪತ್ರದಲ್ಲಿ ಹಾಗೇ ಬರೆದೆ.

ಸೆಪ್ಟೆಂಬರ್ 13, ಬುಧವಾರ

ಸ್ಥಳ ಮೂರು: ಗಡಿಯಾರ ಗೋಪುರ. ಮೂವತ್ತೆಂಟು ನಿಮಿಷ, ನನ್ನ ಕೈಗಡಿಯಾರದ ಪ್ರಕಾರ. ಗೋಪುರದ ನಾಲ್ಕು ಮುಖಗಳಲ್ಲಿ ನಾಲ್ಕು ಹೊತ್ತು. ಒಂದು ಮುಖದ ಲೆಕ್ಕದಲ್ಲಿ ನಾವು ಹೊರಡುವ ಮೊದಲೇ ಬಂದು ಮುಟ್ಟಿದ್ದೆವು.

ದಾರಿಯಲ್ಲಿ ಅಕ್ಕ ಕೇಳಿದಳು: "ನಮ್ಮ ದಡಕ್ಕೆ ಯಾಕೋ ಒಂದು ಸಲನೂ ಬಂದಿಲ್ಲ ನೀನು?"

"ದೋಣಿ ಅಂದ್ರೆ ನನಗೆ ವಾಂತಿ ಬರತ್ತೆ, ಗೊತ್ತಲ್ಲ" ಎಂದೆ.

"ಯಾವಾಗ ಬಂದಿತ್ತು?"

ನೆನಪು ಮಾಡಿಕೊಂಡೆ. ನಾನು ದೋಣಿಯನ್ನೇ ಹತ್ತಿಲ್ಲ. ಹತ್ತಿದರೆ ಬರುತ್ತದೆ ಎಂಬುದು ನನ್ನ ಅಂದಾಜು. ಈ ಮಾತನ್ನು ಅವಳಿಗೆ ಹೇಳಲಿಲ್ಲ, ಗಡಿಯಾರ ತೋರಿಸಿದೆ.

ಸೆಪ್ಟೆಂಬರ್ 17, ಭಾನುವಾರ

ಸ್ಥಳ ನಾಲ್ಕು: ಮೀನಿನ ವಸ್ತು ಸಂಗ್ರಹಾಲಯ. ಮೂವತ್ತೈದು ನಿಮಿಷ. ಎಲ್ಲ ಮೀನೂ ಸತ್ತು, ಹುಲ್ಲು ತುಂಬಿಸಿಕೊಂಡು, ಗೋಡೆಯ ಮೇಲಿವೆ. ಅಕ್ಕ ಒಂದೊಂದರ ಹೊಟ್ಟೆಯ ಹೊಲಿಗೆಯನ್ನೂ ಕನ್ನಡಕ ಹಾಕಿಕೊಂಡು ನೋಡಿ, ಉಸ್ತುವಾರಿಯ ಮುದುಕರಿಗೆ "ಮೂರನೇ ಸಾಲಿನ ದೊಡ್ಡ ಮೀನಿಗೆ ಕಚ್ಚಾ ಹೊಲಿಗೆ ಹಾಕಿದ್ದಾರೆ, ಇನ್ನೆರಡು ವರ್ಷಕ್ಕೆ ಬಿಡತ್ತೆ" ಎಂದಳು. ಇಷ್ಟು ವರ್ಷದಲ್ಲಿ ಇದನ್ನು ಗಮನಿಸಿದವರು ನೀವೊಬ್ಬರೇ ಎನ್ನುವಾಗ ಅವರ ಕಣ್ಣಲ್ಲಿ ನೀರು ಬಂತು. ಬಾಗಿಲು ಹಾಕುವ ಹೊತ್ತಾದರೂ ನಮ್ಮನ್ನು ಬಿಡಲಿಲ್ಲ. ಮೂರನೇ ಸಾಲಿನ ದೊಡ್ಡ ಮೀನನ್ನು ಬೇಗ ನೋಡಿಕೊಳ್ಳಿ ಎಂದು ಕರಪತ್ರದಲ್ಲಿ ಸೇರಿಸಿದ್ದೇನೆ.

ವಾಕರ್ ಬಿಟ್ಟು ಕೋಲು ಹಿಡಿಯಲು ಡಾಕ್ಟರು ಒಪ್ಪಿದ್ದಾರೆ.

ಸೆಪ್ಟೆಂಬರ್ 23, ಶನಿವಾರ

ಐದು, ಕಲ್ಲಿನ ಸೇತುವೆ. ಆರು, ಬಾತುಕೋಳಿ ಕೊಳ. ಏಳು, ಗುಂಡಿ ಅಂಗಡಿಗಳ ಬೀದಿ. ಏಳನೆಯದಕ್ಕೆ ನಡಿಗೆ ಇಪ್ಪತ್ತು ನಿಮಿಷ, ಒಳಗೆ ಮೂರು ಗಂಟೆ. ಇಡೀ ಬೀದಿಯಲ್ಲಿ ಗುಂಡಿ ಬಿಟ್ಟರೆ ಬೇರೇನೂ ಮಾರುವುದಿಲ್ಲ. ಅಕ್ಕ ನನ್ನ ಕೋಟಿಗೆ ನಾಲ್ಕು ಹಳದಿ ಗುಂಡಿ ಆರಿಸಿದಳು. ನಾನು ಬೇಡ ಎಂದೆ. ನಾಳೆಯಿಂದ ಹಳದಿ ಗುಂಡಿಯ ಕೋಟು ಹಾಕಿಕೊಂಡು ಹೋಗುತ್ತೇನೆ.

ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುವ ಕೆಂಪು ಪೆನ್ನು ಒಂದು ವಾರದಿಂದ ಕಾಣುತ್ತಿಲ್ಲ. ಹುಡುಕಬೇಕು.

ಸೆಪ್ಟೆಂಬರ್ 26, ಮಂಗಳವಾರ

ಇವತ್ತು ಕೌಂಟರಿನಲ್ಲಿ ಒಬ್ಬರು ನೋಡುವಂಥದ್ದು ಏನಿದೆ ಎಂದು ಕೇಳಿದರು. ಸರದಿಯಲ್ಲಿ ಹಿಂದೆ ನಿಂತವರು ಗೊಣಗಿದರಂತೆ. ಮ್ಯಾನೇಜರ್ ಮೇಡಂ ಬಂದು, ಒಬ್ಬರಿಗೇ ನಲವತ್ತು ನಿಮಿಷ ಮೀನಿನ ಹೊಟ್ಟೆಯ ವಿಷಯ ಹೇಳಬಾರದು ಎಂದು ಎಚ್ಚರಿಸಿದರು. ಮೊದಲು ಮಾತಾಡುವುದಿಲ್ಲ ಎಂದು ಮೆಮೊ, ಈಗ ಮಾತಾಡಿದರೆ ಎಚ್ಚರಿಕೆ. ಅತ್ತ ದರಿ, ಇತ್ತ ಪುಲಿ.

ಅಕ್ಟೋಬರ್ 1, ಭಾನುವಾರ

ಎಂಟನೆಯ ಗಾಜಿನ ಮನೆ ಗುರುವಾರವೇ ಮುಗಿದಿತ್ತು. ಇವತ್ತು ಒಂಬತ್ತು: ಗುಡ್ಡದ ಮೇಲಿನ ವೀಕ್ಷಣಾ ಗೋಪುರ. ಹದಿನೈದು ನಿಮಿಷ. ಅಕ್ಕ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಮೆಟ್ಟಿಲು ಅರವತ್ತನಾಲ್ಕು. ನಾನು ಮಧ್ಯೆ ಎರಡು ಸಲ ನಿಂತೆ, ಕಟ್ಟಡದ ಕೆಲಸ ಪರಿಶೀಲಿಸಲು.

ಮೇಲಿಂದ ಆಚೆ ದಡ ಕಾಣುತ್ತದೆ. "ಅಗೋ ನೋಡು, ನೀರಿನ ಟ್ಯಾಂಕು. ಅದರ ಬಲಕ್ಕೆ ನೀಲಿ ಬಾಗಿಲು, ಅದೇ ನನ್ನ ಅಂಗಡಿ" ಎಂದಳು. ನನಗೆ ಬಾಗಿಲು ಕಾಣಲಿಲ್ಲ. ಕಂಡಿತು ಎಂದೆ. ಐದು ವಾರದಿಂದ ಮುಚ್ಚಿದೆ, ಯಂತ್ರದ ಎಣ್ಣೆ ಆರಿರುತ್ತೆ ಎಂದಳು. ಬೇಕಾದರೆ ಯಂತ್ರವನ್ನೇ ಈಚೆಗೆ ತರಿಸಬಹುದಲ್ಲ ಎಂದೆ, ಯಂತ್ರದ ಹಿತದೃಷ್ಟಿಯಿಂದ. ಅವಳು ನಕ್ಕಳು. "ನನ್ನ ಗಿರಾಕಿಗಳ ಅಳತೆಯೆಲ್ಲ ಅಲ್ಲಿದೆಯಲ್ಲೋ" ಎಂದಳು.

ಅಕ್ಟೋಬರ್ 4, ಬುಧವಾರ

ಹತ್ತನೆಯದು ಎಲ್ಲಿ ಎಂದು ಮ್ಯಾನೇಜರ್ ಮೇಡಂ ಕೇಳುತ್ತಿದ್ದಾರೆ. ದೋಣಿ ನಿಲ್ದಾಣ ಎಂದು ಅವರೇ ನಿಶ್ಚಯಿಸಿದ್ದಾರೆ. ನಿನ್ನೆ ಹೋಗಬಹುದಿತ್ತು, ಮೋಡ ಇತ್ತು. ಇವತ್ತು ಬಿಸಿಲು ಹೆಚ್ಚು. ಅಲ್ಲಿ ಕಂಬಿಗೆ ಬಣ್ಣ ಬಳಿಯುತ್ತಿದ್ದಾರಂತೆ, ಅಕ್ಕನ ಸೀರೆಗೆ ತಗುಲಿದರೆ ಯಾರು ಹೊಣೆ. ಬದಲಿಗೆ ಬಾತುಕೋಳಿ ಕೊಳಕ್ಕೇ ಇನ್ನೊಂದು ಸಲ ಹೋದೆವು. ಬಾತುಗಳು ಗುರುತು ಹಿಡಿದವು.

ಅಕ್ಟೋಬರ್ 7, ಶನಿವಾರ

ನಾಳೆ ಅಚ್ಚಿಗೆ ಹೋಗಲೇಬೇಕು ಎಂದು ಮೇಡಂ ಪಟ್ಟು ಹಿಡಿದದ್ದರಿಂದ ದೋಣಿ ನಿಲ್ದಾಣಕ್ಕೆ ಹೋದೆವು. ಅಕ್ಕ ಕೋಲು ತರಲಿಲ್ಲ.

ಕೆರೆಯ ದಂಡೆಯ ಮೇಲೆ ನೇರ ದಾರಿ, ಏರಿಲ್ಲ, ಇಳಿಜಾರಿಲ್ಲ. ಆದರೂ ಏನೇನೋ ಅಡ್ಡಿ. ನನ್ನ ಚಪ್ಪಲಿಯ ಪಟ್ಟಿ ಸಡಿಲವಾಗಿ ನಾಲ್ಕು ಕಡೆ ನಿಲ್ಲಬೇಕಾಯಿತು. ಅಕ್ಕ ದಾರಿಯ ಪ್ರತಿ ಬೆಂಚಿನ ಮೇಲೂ ಕೂತಳು. ಒಂದು ಬೆಂಚಿನಲ್ಲಿ ಕೂತಿದ್ದಾಗ ನಾನು ಏಳನೇ ತರಗತಿಯಲ್ಲಿ ಹಾಕುತ್ತಿದ್ದ ಚಡ್ಡಿಯ ವಿಷಯ ಹೇಳಿದಳು. ಅವಳು ಮೊದಲ ಸಲ ಹೊಲಿದ ಬಟ್ಟೆ ಅದು. ಎರಡು ಕಾಲೂ ಒಂದೇ ಕಡೆಗೆ ಬಂದಿತ್ತು. ನಾನು ಅದನ್ನು ಬೇಸರಿಸದೆ ವರ್ಷಪೂರ್ತಿ ಹಾಕಿಕೊಂಡು ಹೋದೆ ಎಂದಳು. ನನಗೆ ನೆನಪಿಲ್ಲ. ನೆನಪಿದೆ ಎಂದೆ, ಮುಂದೆ ಹೇಳಿದಳು.

ಐವತ್ತೈದು ನಿಮಿಷ. ಹಾಗೇ ಬರೆದುಕೊಂಡೆ. ಮಂಡಿ ಮತ್ತೆ ಊದಿರಬಹುದು, ಡಾಕ್ಟರಿಗೆ ತೋರಿಸಬೇಕು ಎಂದೆ. "ಊದಿರಬಹುದು" ಎಂದಳು ಅಕ್ಕ. ಬರುವಾಗ ಮಳೆಹನಿ ಬಿದ್ದದ್ದರಿಂದ ಬೇಗ ಬಂದೆವು. ಎಷ್ಟು ನಿಮಿಷ ಎಂದು ನೋಡಲಿಲ್ಲ, ವಾಪಸು ದಾರಿ ಕರಪತ್ರಕ್ಕೆ ಬೇಕಿಲ್ಲ.

ಅಕ್ಟೋಬರ್ 8, ಭಾನುವಾರ

ಮೇಡಂ ಕರಪತ್ರ ಕೈಯಲ್ಲಿ ಹಿಡಿದು, ಬೆರಳು ಮಡಿಚಿ ಹತ್ತು ಎಣಿಸಿ, "ಹತ್ತು ಇದೆ. ಪ್ರಿಂಟ್" ಎಂದರು. ಓದಲಿಲ್ಲ.

ಡಾಕ್ಟರು ಮಂಡಿ ಒತ್ತಿ ನೋಡಿ, ಊತವೂ ಇಲ್ಲ ಏನೂ ಇಲ್ಲ, ಮುಂದಿನ ಭಾನುವಾರ ಊರಿಗೆ ಹೋಗಬಹುದು ಎಂದರು. ಒಳ್ಳೆಯ ಸುದ್ದಿ. ಊಟ ಸೇರಲಿಲ್ಲ, ಉಪ್ಪು ಹೆಚ್ಚಾಗಿತ್ತು. ಅಕ್ಕ ಉಪ್ಪು ಸರಿಯಿದೆ ಎಂದಳು, ಅವಳೂ ಉಣ್ಣಲಿಲ್ಲ.

ಅಕ್ಟೋಬರ್ 13, ಶುಕ್ರವಾರ

ಸಮ್ಮೇಳನ ಯಾರದು ಎಂದು ನಾನು ಈತನಕ ಕೇಳಿರಲಿಲ್ಲ. ಬಾಗಿಲಿಗೆ ಬ್ಯಾನರ್ ಬಟ್ಟೆ ಕಟ್ಟಿದಾಗ ಓದಿದೆ. ಅಖಿಲ ಭೂಮಾಪಕರ ಸಂಘ. ನಾನೂರು ಜನ. ಜೀವಮಾನವಿಡೀ ದೂರ ಅಳೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲದವರು.

ಹನ್ನೊಂದು ಗಂಟೆಗೆ ಟೀ ಬಿಡುವು. ಹನ್ನೊಂದೂ ಐದಕ್ಕೆ ಕೌಂಟರಿನ ಮುಂದೆ ಗುಂಪು.

"ಕಾರಂಜಿ ಅಲ್ಲೇ ಕಾಣ್ತಾ ಇದೆ. ಇಪ್ಪತ್ತೆರಡು ನಿಮಿಷ ಅಂತ ಹಾಕಿದ್ದೀರಿ."

"ನಡೆದು ನೋಡಿ ಬರೆದದ್ದು" ಎಂದೆ.

"ಯಾವ ಕಡೆಯಿಂದ ನಡೆದಿರಿ?"

ಮಧ್ಯಾಹ್ನದ ಭಾಷಣಕ್ಕೆ ಸಭಾಂಗಣದಲ್ಲಿ ಹದಿನೇಳು ಜನ ಕೂತಿದ್ದರು. ಉಳಿದವರೆಲ್ಲ ಊರಿನ ತುಂಬ. ಯಾರ ಕೈಯಲ್ಲಿ ನೋಡಿದರೂ ಟೇಪು, ಚಕ್ರದ ಅಳತೆಗೋಲು, ಮುಕ್ಕಾಲಿ. ಕುದುರೆ ವಿಗ್ರಹದ ಬಾಲಕ್ಕೆ ದಾರ ಕಟ್ಟಿದ್ದರು. ಮೀನಿನ ಮುದುಕರು ಫೋನ್ ಮಾಡಿ, ಒಂದೇ ದಿನಕ್ಕೆ ನೂರಾ ಎಂಬತ್ತು ಜನ ಬಂದರು, ಎಲ್ಲರೂ ಮೂರನೇ ಸಾಲಿನ ಮೀನನ್ನೇ ಕೇಳುತ್ತಿದ್ದಾರೆ, ನಾನೇನು ಮಾಡಲಿ ಎಂದರು. ಮ್ಯಾನೇಜರ್ ಮೇಡಂ ಬಂದು ನನ್ನ ಮುಂದೆ ಕೈಕಟ್ಟಿ ನಿಂತರು.

ಅಕ್ಟೋಬರ್ 14, ಶನಿವಾರ

ಸಂಘದ ಅಧ್ಯಕ್ಷರು ಬೆಳಿಗ್ಗೆಯೇ ಕೌಂಟರಿಗೆ ಬಂದರು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ, ಕಿವಿಯಲ್ಲಿ ಪೆನ್ಸಿಲ್ಲು. ಜೊತೆಗೆ ಮೇಡಂ. ಕೆಲಸ ಹೋಯಿತು ಎಂದುಕೊಂಡೆ. ಅಕ್ಕ ನನ್ನ ಊಟದ ಡಬ್ಬಿ ಕೊಡಲು ಬಂದವಳು ಪಕ್ಕದಲ್ಲಿ ನಿಂತಿದ್ದಳು.

"ಇವರಿಗೆ ಬೈಬೇಡಿ" ಎಂದು ಅವರು ಮೇಡಂಗೆ ಹೇಳಿದರು. "ಮೂವತ್ತು ವರ್ಷದಿಂದ ಸಮ್ಮೇಳನಕ್ಕೆ ಹೋಗ್ತಿದ್ದೀನಿ. ನಮ್ಮವರು ಹೋಟೆಲ್ ಬಿಟ್ಟು ಆಚೆ ಹೋಗಿದ್ದು ಇದೇ ಮೊದಲು. ಬೇರೆ ಊರಲ್ಲಿ ಹತ್ತು ನಿಮಿಷ ಅಂದ್ರೆ ಅರ್ಧ ಗಂಟೆ ನಡೀಬೇಕು. ಇಲ್ಲಿ ಹೇಳಿದ್ದಕ್ಕಿಂತ ಎಲ್ಲಾ ಹತ್ತಿರ."

ಆಮೇಲೆ ಚೌಕುಳಿ ಕಾಗದವೊಂದನ್ನು ನನ್ನ ಮುಂದೆ ಬಿಡಿಸಿದರು. ಹತ್ತೂ ಸ್ಥಳಗಳ ನಿಜವಾದ ದೂರವನ್ನು ಅಳೆದು, ನನ್ನ ನಿಮಿಷದಿಂದ ಭಾಗಿಸಿ, ನಡಿಗೆಯ ವೇಗವನ್ನು ಚುಕ್ಕಿ ಹಾಕಿ ಗೆರೆ ಎಳೆದಿದ್ದರು.

"ರಾತ್ರಿ ಕೂತು ಮಾಡಿದೆ. ಮೊದಲು ತಪ್ಪು ಅನ್ಕೊಂಡೆ. ಆದ್ರೆ ತಪ್ಪು ಹೀಗೆ ಸಾಲಾಗಿ ಬರಲ್ಲ. ನೋಡಿ, ಒಂದಕ್ಕಿಂತ ಎರಡರಲ್ಲಿ ಬೇಗ, ಎರಡಕ್ಕಿಂತ ಮೂರರಲ್ಲಿ ಬೇಗ. ಹೀಗೇ ಒಂಬತ್ತರ ತನಕ ಮೇಲೆ ಮೇಲೆ. ಇದನ್ನ ನಡೆದವರಿಗೆ ಕಾಲು ವಾಸಿ ಆಗ್ತಾ ಇತ್ತು. ಹೌದೋ ಅಲ್ವೋ?"

ನಾನು ಆ ಗೆರೆಯನ್ನು ನೋಡಿದೆ. ಪ್ರತಿದಿನ ಪಕ್ಕದಲ್ಲೇ ನಡೆದವನು ನಾನು. ಕೆಳಗಿನ ಮೂಲೆಯಿಂದ ಹೊರಟು ಅಷ್ಟು ಮೇಲಕ್ಕೆ ಹೋಗಿದೆ ಎಂದು ನನಗೆ ತಿಳಿದೇ ಇರಲಿಲ್ಲ. ಬಹಳ ಸಂತೋಷವಾಯಿತು. "ಇವಳೇ, ನಮ್ಮಕ್ಕ. ಹೊಸ ಮಂಡಿ" ಎಂದೆ. ಅವರು ಅಕ್ಕನಿಗೆ ಕೈಮುಗಿದರು. ಅಕ್ಕ ಅವರ ಜೇಬಿನ ಹೊಲಿಗೆ ನೋಡುತ್ತಿದ್ದಳು.

"ಒಂದೇ ಒಂದು ಅರ್ಥ ಆಗ್ಲಿಲ್ಲ" ಎಂದು ಅವರು ಕಿವಿಯ ಪೆನ್ಸಿಲು ತೆಗೆದು ಕೊನೆಯ ಚುಕ್ಕಿ ತೋರಿಸಿದರು. ಗೆರೆ ಅಲ್ಲಿ ಬಾವಿಗೆ ಬಿದ್ದ ಹಾಗೆ ನೇರ ಕೆಳಗೆ ಬಂದಿತ್ತು. "ದೋಣಿ ನಿಲ್ದಾಣ. ಏಳುನೂರು ಮೀಟರು, ಸಪಾಟು ದಾರಿ. ಈ ಲೆಕ್ಕದಲ್ಲಿ ಹತ್ತು ನಿಮಿಷ ಸಾಕು. ಐವತ್ತೈದು ಹಾಕಿದ್ದೀರಿ. ಒಂದೋ ಆವತ್ತು ಕಾಲು ಮತ್ತೆ ಮುರೀತು, ಇಲ್ಲಾ ನಡೆದವರಿಗೆ ಅಲ್ಲಿಗೆ ತಲುಪೋದು ಬೇಕಿರಲಿಲ್ಲ."

"ಚಪ್ಪಲಿ ಪಟ್ಟಿ ಸಡಿಲ ಆಗಿತ್ತು" ಎಂದೆ ನಾನು.

"ಮಂಡಿ ಊದಿತ್ತು" ಎಂದಳು ಅಕ್ಕ.

ಇಬ್ಬರೂ ಒಟ್ಟಿಗೇ ಹೇಳಿದೆವು. ಅಧ್ಯಕ್ಷರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಕಾಗದವನ್ನು ನಾಲ್ಕಾಗಿ ಮಡಿಚಿ ನನ್ನ ಕೈಗೆ ಕೊಟ್ಟು, "ಇಟ್ಕೊಳ್ಳಿ" ಎಂದು ಹೊರಟುಹೋದರು. ಅವರು ಯಾಕೆ ಹಾಗೆ ಮಾಡಿದರೋ. ಮೇಡಂ ಮಾತ್ರ, ಎರಡನೇ ಮುದ್ರಣಕ್ಕೆ ನಿಮಿಷಗಳನ್ನೆಲ್ಲ ತಿದ್ದಿ ಸೋಮವಾರ ಕೊಡಿ ಎಂದರು.

ಅಕ್ಕ ಡಬ್ಬಿ ಕೊಡುವುದನ್ನು ಮರೆತು ಮನೆಗೆ ವಾಪಸು ಒಯ್ದಿದ್ದಳು.

ಅಕ್ಟೋಬರ್ 15, ಭಾನುವಾರ

ಇದನ್ನು ಆಚೆ ದಡದಲ್ಲಿ ಕೂತು ಬರೆಯುತ್ತಿದ್ದೇನೆ. ಅದು ಹೇಗಾಯಿತು ಎಂದು ಸರಿಯಾಗಿ ಬರೆಯಬೇಕು.

ಹತ್ತರ ದೋಣಿಗೆಂದು ಒಂಬತ್ತೂ ಐದಕ್ಕೆ ಗೇಟು ದಾಟಿದೆವು. ಅಕ್ಕನ ಚೀಲ ನನ್ನ ಕೈಯಲ್ಲಿ. ಹೊಸ ಚಪ್ಪಲಿ ಹಾಕಿದ್ದೆ. ನಾವು ನಿಲ್ದಾಣದ ಬಾಗಿಲಿಗೆ ಹೋಗುವುದಕ್ಕೂ ಹತ್ತರ ದೋಣಿ ಕಣ್ಣೆದುರೇ ಹಗ್ಗ ಬಿಚ್ಚಿ ಹೊರಡುವುದಕ್ಕೂ ಸರಿಹೋಯಿತು. ಇಬ್ಬರೂ ಅದಕ್ಕೆ ಕೂಗು ಹಾಕಲಿಲ್ಲ. ಬೆಂಚಿನ ಮೇಲೆ ಕೂತು ಟೀ ಕುಡಿದೆವು.

"ಊಟದ ಹೊತ್ತಿಗೆ ಏನು ಮಾಡ್ಕೊಳ್ತೀಯೋ?" ಎಂದಳು.

"ಮೊದಲು ಏನು ಮಾಡ್ಕೊಳ್ತಿದ್ನೋ ಅದೇ."

"ಮೊದಲು ಏನು ಮಾಡ್ಕೊಳ್ತಿದ್ದೆ?"

ಯೋಚಿಸಿದೆ. ನೆನಪಾಗಲಿಲ್ಲ. ಆರೇ ವಾರದ ಹಿಂದಿನ ಮಾತು.

ಹನ್ನೊಂದರ ದೋಣಿ ಬಂತು. ಟಿಕೆಟ್ ಒಂದೇ ತೆಗೆದಿದ್ದೆ. ಕಟ್ಟೆಗೂ ದೋಣಿಗೂ ನಡುವೆ ಒಂದು ಅಡಿಯಷ್ಟು ಸಂದು, ಕೆಳಗೆ ನೀರು. ಡಾಕ್ಟರು ಹೇಳಿದ ಪರೀಕ್ಷೆ ಇದೇ. ನಾನು ಅಕ್ಕನಿಗೆ ಕೈ ಕೊಡಲು ಮುಂದೆ ಹೋದೆ. ಅಷ್ಟರಲ್ಲಿ ಅವಳು ಸೀರೆಯ ನಿರಿಗೆ ಎತ್ತಿಕೊಂಡು ದಾಟಿ ಆಗಿತ್ತು. ಹೊಸ ಮಂಡಿ ಮೊದಲು, ಹಳೆಯದು ಆಮೇಲೆ. ನಾನು ಚಾಚಿದ ಕೈ ಹಾಗೇ ಇತ್ತು.

ಅವಳು ಆ ಕಡೆಯಿಂದ ತಿರುಗಿ ಅದೇ ಕೈಯನ್ನು ಹಿಡಿದುಕೊಂಡಳು. ರಸ್ತೆ ದಾಟಿಸುವ ಹಿಡಿತ.

"ಬಾ" ಎಂದಳು.

"ವಾಂತಿ" ಎಂದೆ.

"ನನ್ನ ಚೀಲ ನಿನ್ನ ಹತ್ರನೇ ಇದೆ. ಬಾ."

ಚೀಲ ನನ್ನ ಕೈಯಲ್ಲೇ ಇತ್ತು, ಅದು ನಿಜ. ದಾಟಿದೆ. ಟಿಕೆಟಿನವನು ಬಂದು ಬೈದ, ಇನ್ನೊಂದು ತೆಗೆದೆ. ವಾಂತಿ ಬರಲಿಲ್ಲ. ಮೂವತ್ತೈದು ನಿಮಿಷ ನೀರಿನ ಮೇಲೆ ಕೂತಿದ್ದೆ. ಹಿಂದೆ ತಿರುಗಿ ನೋಡಿದರೆ ಗಡಿಯಾರ ಗೋಪುರ, ವೀಕ್ಷಣಾ ಗೋಪುರ, ನಮ್ಮ ಸಭಾಭವನ ಎಲ್ಲ ಸಾಲಾಗಿ ಕಾಣುತ್ತಿದ್ದವು. ನನಗೆ ಅಳು ಬಂತು. ಗಾಳಿಗೆ ಎಂದೆ. ಅಕ್ಕ ಸೆರಗಿನ ತುದಿ ಕೊಟ್ಟಳು.

ಈ ದಡದ ನಿಲ್ದಾಣದಿಂದ ನೀಲಿ ಬಾಗಿಲಿಗೆ ಅಕ್ಕನ ನಡಿಗೆಯಲ್ಲಿ ಆರು ನಿಮಿಷ. ನನ್ನ ನಡಿಗೆಯಲ್ಲಿ ಹತ್ತು. ಅವಳು ಬೀಗ ತೆಗೆದು, ಯಂತ್ರಕ್ಕೆ ಎಣ್ಣೆ ಬಿಟ್ಟು, ಗುನುಗಲು ಶುರುಮಾಡಿದ ಮೇಲೆ ನಾನು ಬಂದು ಮುಟ್ಟಿದೆ. ಪಕ್ಕದ ಅಂಗಡಿಯಾಕೆ ಬಂದು, ನೀವು ಆಚೆ ದಡದವರಂತೆ, ಅಲ್ಲಿ ನೋಡೋವಂಥದ್ದು ಏನಿದೆ ಎಂದು ಕೇಳಿದರು. ಕಾರಂಜಿಯಿಂದ ಶುರುಮಾಡಿದೆ. ಗಾಜಿನ ಮನೆಗೆ ಬರುವಷ್ಟರಲ್ಲಿ ಅಕ್ಕ ಒಳಗಿಂದ "ಸಾಕು ಬಿಡೋ, ಊಟ ಆರತ್ತೆ" ಎಂದಳು.

ಊಟವಾದ ಮೇಲೆ ಹೊಲಿಗೆ ಮೇಜಿನ ಮೂಲೆಯಲ್ಲಿ ಕೂತು ಕರಪತ್ರ ತಿದ್ದಿದೆ. ಅಧ್ಯಕ್ಷರ ಅಳತೆ ನೋಡಿಕೊಂಡು, ಕಾರಂಜಿಗೆ ಎರಡು ನಿಮಿಷ, ವಿಗ್ರಹಕ್ಕೆ ನಾಲ್ಕು, ಹೀಗೆ ಒಂಬತ್ತನ್ನೂ ಸರಿಮಾಡಿದೆ. ಹತ್ತನೆಯದನ್ನು ಮುಟ್ಟಲಿಲ್ಲ. ಅದನ್ನು ಎರಡು ಸಲ ನಡೆದು ನೋಡಿದ್ದೇನೆ.